ನಿಮ್ಮ ಬೀದಿಗೆ ದಾಖಲೆಯಲ್ಲಿ ಬೇರೆ ಹೆಸರಿದೆ: ಶಿವಮೊಗ್ಗದ ಒಂದು ಕೇರಿಯ ಹಳೇ ಕಥೆ ಹುಡುಕುವ ಕ್ರಮ

ಎಲ್ಲರೂ ಎಡವುವುದು ಒಂದೇ ಕಲ್ಲಿಗೆ. ತಾಲ್ಲೂಕು ಕಚೇರಿಗೆ ಹೋಗಿ "ವಿನೋಬನಗರದ ಹಳೇ ದಾಖಲೆ ಬೇಕಿತ್ತು" ಅನ್ನುತ್ತಾರೆ. ಒಳಗಿದ್ದವರು "ಯಾವ ಗ್ರಾಮ? ಸರ್ವೆ ನಂಬರ್ ಎಷ್ಟು?" ಅಂತ ಕೇಳುತ್ತಾರೆ. ಉತ್ತರ ಇಲ್ಲ. ವಾಪಸ್ ಬಂದು ಪಕ್ಕದ ಮನೆ ಅಜ್ಜನನ್ನು ಹಿಡಿಯುತ್ತಾರೆ. ಅಜ್ಜ "ಇಲ್ಲೆಲ್ಲ ಕಾಡಿತ್ತು ಮಾರಾಯ, ಹುಲಿ ಬರ್ತಿತ್ತು" ಅನ್ನುತ್ತಾರೆ. ಶಿವಮೊಗ್ಗದ ಯಾವ ಬಡಾವಣೆಗೆ ಹೋದರೂ ಈ ಹುಲಿ ಒಂದು ಇದ್ದೇ ಇದೆ. ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ.

ಕ್ರಮ ತಪ್ಪಿದೆ, ಅಷ್ಟೇ. ಜನ ಮೊದಲು ಹೆಸರಿನ ಅರ್ಥ ಹುಡುಕುತ್ತಾರೆ, ಆಮೇಲೆ ಅಜ್ಜಂದಿರನ್ನು ಕೇಳುತ್ತಾರೆ, ಕೊನೆಗೆ ಕಾಗದಕ್ಕೆ ಬರುತ್ತಾರೆ. ಇದನ್ನು ಪೂರ್ತಿ ಉಲ್ಟಾ ಮಾಡಬೇಕು. ಮೊದಲು ನೆಲ, ಆಮೇಲೆ ಕಾಗದ, ಆಮೇಲೆ ಜನ, ಕಟ್ಟಕಡೆಗೆ ಹೆಸರು. ನಾನೂ ಮೊದಲ ಸಲ ಹೆಸರಿನಿಂದಲೇ ಶುರುಮಾಡಿ ಒಂದು ಮಳೆಗಾಲ ಪೂರ್ತಿ ಕಳೆದುಕೊಂಡಿದ್ದೇನೆ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಒಂದು ದಪ್ಪ ನೋಟ್‌ಬುಕ್, ಪೆನ್ಸಿಲ್, ಅಳತೆ ಟೇಪು, ಚೆನ್ನಾಗಿ ಉರಿಯುವ ಟಾರ್ಚ್, ಫೋನು, ಒಂದು ಬಾಟಲಿ ನೀರು, ಮೆತ್ತನೆ ಬ್ರಷ್. ಪೆನ್ಸಿಲ್ ಯಾಕೆ ಅಂದರೆ ನಮ್ಮ ಮಳೆಯಲ್ಲಿ ಪೆನ್ನಿನ ಶಾಯಿ ಕದಡಿಹೋಗುತ್ತದೆ.

ನೋಟ್‌ಬುಕ್ಕಿನ ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: 'ಕಂಡದ್ದು', 'ಓದಿದ್ದು', 'ಕೇಳಿದ್ದು'. ಇದನ್ನು ಮೊದಲ ದಿನವೇ ಶುರುಮಾಡಿ. ಆರು ತಿಂಗಳಾದ ಮೇಲೆ "ಇಲ್ಲಿ ಕೆರೆ ಇತ್ತು" ಅನ್ನುವ ಸಾಲನ್ನು ನಕ್ಷೆಯಲ್ಲಿ ನೋಡಿ ಬರೆದಿರಾ, ಯಾರೋ ಟೀ ಅಂಗಡಿಯಲ್ಲಿ ಹೇಳಿದ್ದಾ ಅನ್ನುವುದು ನಿಮಗೇ ನೆನಪಿರುವುದಿಲ್ಲ.

## ಹಂತ 1: ಜಾಗ ಚಿಕ್ಕದು ಮಾಡಿಕೊಳ್ಳಿ

ಇಡೀ ದುರ್ಗಿಗುಡಿ, ಇಡೀ ಗೋಪಾಳ ಅಂತ ಹೊರಡಬೇಡಿ. ಒಂದು ಬೀದಿ, ಒಂದು ಕ್ರಾಸ್, ಹೆಚ್ಚೆಂದರೆ ನಲವತ್ತು ಐವತ್ತು ಮನೆ. ಚಿಕ್ಕದಾದಷ್ಟೂ ಒಳ್ಳೆಯದು.

ಕೈಯಲ್ಲೇ ಒಂದು ನಕ್ಷೆ ಬರೆಯಿರಿ. ಅಂದಚಂದ ಬೇಡ. ಮನೆಗಳು, ಚರಂಡಿ, ಬಾವಿ, ಕಟ್ಟೆ, ಗುಡಿ, ಮಸೀದಿ, ದೊಡ್ಡ ಮರ, ಇಷ್ಟಿದ್ದರೆ ಸಾಕು. ಮುಂದೆ ಸಿಗುವ ಪ್ರತಿಯೊಂದು ವಿಷಯವನ್ನೂ ಈ ನಕ್ಷೆಯ ಮೇಲೆ ಕೂರಿಸುತ್ತೀರಿ. ಕೂರದೆ ಇದ್ದದ್ದನ್ನು ಬೇರೆ ಪುಟದಲ್ಲಿಡಿ.

## ಹಂತ 2: ಗ್ರಾಮ ಮತ್ತು ಸರ್ವೆ ನಂಬರ್ ಹುಡುಕಿ

ಇದೊಂದು ಹಂತ ಸರಿಯಾದರೆ ಅರ್ಧ ಕೆಲಸ ಮುಗಿದಂತೆ. ಬಡಾವಣೆಯ ಹೆಸರು ಜನರ ಬಾಯಲ್ಲಿ ಇರುತ್ತದೆ, ಕಂದಾಯ ಇಲಾಖೆಯ ಕಡತದಲ್ಲಿ ಇರುವುದಿಲ್ಲ. ಅಲ್ಲಿ ಎಲ್ಲವೂ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಅನ್ನುವ ಸಾಲಿನಲ್ಲೇ ಕೂತಿರುತ್ತದೆ. ಆಲ್ಕೊಳ, ಗೋಪಾಳ, ಮಲ್ಲಿಗೇನಹಳ್ಳಿ, ಗಾಡಿಕೊಪ್ಪ, ನವುಲೆ, ಊರಗಡೂರು ಇವೆಲ್ಲ ಒಂದು ಕಾಲಕ್ಕೆ ಬೇರೆ ಬೇರೆ ಹಳ್ಳಿಗಳು. ಪೇಟೆ ಬೆಳೆದು ಇವನ್ನು ಸೇರಿಸಿಕೊಂಡಿತು. ನೀವು ಕುಳಿತಿರುವ ಜಾಗ ಇಂಥ ಯಾವುದೋ ಹಳ್ಳಿಯ ಗದ್ದೆಯೋ ಗೋಮಾಳವೋ ಆಗಿರುವ ಸಾಧ್ಯತೆ ಜಾಸ್ತಿ.

ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ. ಬೀದಿಯಲ್ಲಿ ನಿಂತು ತೆರೆದರೆ ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ತೋರಿಸುತ್ತದೆ. ಒಂದೇ ಕಡೆ ನಿಂತು ನೋಡಿ ಮುಗಿಸಬೇಡಿ. ನಾಲ್ಕು ಮೂಲೆ ಮತ್ತು ನಡುವೆ, ಒಟ್ಟು ಐದು ಕಡೆ ನೋಡಿ ಬರೆದುಕೊಳ್ಳಿ. ಸೂರಿನ ಕೆಳಗೆ, ಮರದ ಕೆಳಗೆ ನಿಂತರೆ ಫೋನು ಹತ್ತಾರು ಅಡಿ ಆಚೀಚೆ ತೋರಿಸುತ್ತದೆ. ಎರಡು ನಂಬರುಗಳ ಗಡಿಯಲ್ಲಿದ್ದರೆ ಎರಡನ್ನೂ ಬರೆದಿಡಿ.

ಆಮೇಲೆ ಸರ್ಕಾರದ ಭೂದಾಖಲೆ ಜಾಲತಾಣಕ್ಕೆ ಹೋಗಿ ಆ ಗ್ರಾಮದ ಕಂದಾಯ ನಕ್ಷೆ ಇಳಿಸಿಕೊಳ್ಳಿ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ನಿಮ್ಮ ನಂಬರುಗಳಿಗೆ ಬಣ್ಣ ಹಚ್ಚಿ. ಹಳ್ಳ, ಕೆರೆ, ಬಂಡಿದಾರಿ ಈ ನಕ್ಷೆಯಲ್ಲಿ ಗೆರೆಯಾಗಿ ಇರುತ್ತವೆ. ಎಷ್ಟೋ ಸಲ ಇವತ್ತಿನ ಮುಖ್ಯರಸ್ತೆ ಆ ಬಂಡಿದಾರಿಯ ಮೇಲೆಯೇ ಕೂತಿರುತ್ತದೆ. ವಿನಾಕಾರಣ ಡೊಂಕಾಗಿರುವ ರಸ್ತೆ ಕಂಡರೆ ಮೊದಲು ಇದನ್ನು ನೋಡಿ.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೇ ಸಂಖ್ಯೆಯ ಪ್ರಕಾರ ಶಿವಮೊಗ್ಗ ಪೇಟೆ 48 ಓ/9 ಹಾಳೆಯಲ್ಲಿ ಬರುತ್ತದೆ. ಹಳೇ ಮುದ್ರಣ ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ.

ಇಲ್ಲಿ ಆಗುವ ತಪ್ಪುಗಳು ಒಂದೆರಡಲ್ಲ.

ಆ್ಯಪ್ 45/2ಎ ಅಂತ ತೋರಿಸಿದರೆ ಹಳೇ ದಾಖಲೆಯಲ್ಲೂ 45/2ಎ ಅಂತಲೇ ಹುಡುಕುತ್ತಾರೆ. ಆ ಬಾಲ ಆಮೇಲೆ ಜಮೀನು ಹಿಸ್ಸೆಯಾದಾಗ (ಪಾಲಾದಾಗ) ಬಂದದ್ದು. ಹಳೇ ಕಡತದಲ್ಲಿ ಬರೀ 45 ಇರುತ್ತದೆ. '45 ಪೈಕಿ' ಅಂತ ಕಂಡರೆ ಆ ಭಾಗವನ್ನು ಅಳೆದು ಬೇರೆ ಮಾಡಿಲ್ಲ ಅಂತ ಅರ್ಥ. ಸರ್ಕಾರಿ ಜಮೀನು ಹಂಚಿಕೆಯಾದ ಕಡೆ ಪೋಡಿಯಾಗಿ (ಅಳೆದು ಬೇರೆ ಮಾಡಿ) ಹೊಸ ನಂಬರೇ ಬಿದ್ದಿರುತ್ತದೆ. ಆಗ ಅದು ಯಾವ ಹಳೇ ನಂಬರಿನಿಂದ ಒಡೆದದ್ದು ಅಂತ ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ನೋಡಬೇಕು.

ವಾರ್ಡ್ ನಂಬರ್ ನಂಬಬೇಡಿ. ಪ್ರತಿ ವಿಂಗಡಣೆಯಲ್ಲೂ ಅದು ಬದಲಾಗುತ್ತದೆ. ಹಳೇ ಕಾಗದದ '5ನೇ ವಾರ್ಡ್' ಈಗಿನ 5 ಆಗಿರುವುದು ಅಪರೂಪ.

ಇಂಗ್ಲಿಷಿನಲ್ಲಿ ಹುಡುಕುವಾಗ 2014ರ ನವೆಂಬರ್ 1ಕ್ಕೆ ಮುಂಚಿನ ಯಾವ ದಾಖಲೆಯಲ್ಲೂ ಊರಿನ ಹೆಸರು 'ಶಿಮೋಗಾ' ಅಂತಲೇ ಇರುತ್ತದೆ. ಹೊಸ ಕಾಗುಣಿತ ಹಾಕಿ "ಏನೂ ಸಿಗಲಿಲ್ಲ" ಅಂದವರು ಬಹಳ ಜನ.

ಇನ್ನು ಕೋಟೆ, ಗಾಂಧಿ ಬಜಾರ್‌ನಂಥ ಹಳೇ ಪೇಟೆಯವರು ಹೊಲದ ಸರ್ವೆ ನಂಬರ್ ಹಿಡಿದು ಹೋದರೆ ದಾರಿ ಮುಚ್ಚಿಕೊಳ್ಳುತ್ತದೆ. ಜನವಸತಿ ಜಾಗವನ್ನು ಗ್ರಾಮಠಾಣ ಅಂತ ಒಟ್ಟಿಗೆ ಬಿಟ್ಟಿರುತ್ತಾರೆ, ಒಳಗೆ ಮನೆ ಮನೆಗೆ ನಂಬರ್ ಇರುವುದಿಲ್ಲ. ಅವರು ನಗರ ಆಸ್ತಿ ದಾಖಲೆಯ ಪ್ರಾಪರ್ಟಿ ಕಾರ್ಡಿನಿಂದ, ಪಾಲಿಕೆಯ ಖಾತೆಯಿಂದ ಮತ್ತು ಮುಂದೆ ಹೇಳುವ ಚಕ್ಕುಬಂದಿಯಿಂದ (ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿ) ಶುರುಮಾಡಬೇಕು.

## ಹಂತ 3: ಮಳೆ ಬಂದ ದಿನ ನಡೆಯಿರಿ

ಜೂನ್ ಮೊದಲ ಜೋರು ಮಳೆ ನಿಂತ ಅರ್ಧ ಗಂಟೆಗೆ ಹೊರಡಿ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ನೀರು ಹಳೇ ಹಾದಿ ಮರೆಯುವುದಿಲ್ಲ. ಕಾಂಕ್ರೀಟ್ ಹಾಕಿದ ಚರಂಡಿ ನಕ್ಷೆಯ ಹಳ್ಳದ ಗೆರೆಯ ಮೇಲೇ ಇದೆಯಾ ಅಂತ ತಾಳೆ ನೋಡಿ.

ತುಂಗೆಯ ದಡದ ಕೇರಿಯವರಿಗೆ ಇನ್ನೊಂದು ಅಳತೆಗೋಲಿದೆ. ಮಳೆಗಾಲದಲ್ಲಿ ಊರವರೆಲ್ಲ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಮಂಟಪ ಮುಳುಗಿತಾ ಅಂತ ನೋಡಲು ಹೋಗುತ್ತಾರಲ್ಲ, ಅದೇ. 2019ರ ಆಗಸ್ಟ್ ನೆರೆಯಲ್ಲಿ ನಿಮ್ಮ ಬೀದಿಯಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಮನೆ ಮನೆಗೆ ಕೇಳಿ ಗೆರೆ ಎಳೆಯಿರಿ. ಆ ಗೆರೆಯ ಮೇಲಿನ ಮನೆಗಳು ಯಾವ ಕಾಲದವು, ಕೆಳಗಿನವು ಯಾವ ಕಾಲದವು ಅಂತ ಆಮೇಲೆ ಕಾಗದದಲ್ಲಿ ನೋಡಿ. ಹಳಬರು ಹೊಳೆಯನ್ನು ನೋಡಿ ಮನೆ ಕಟ್ಟಿದ್ದರಾ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹೆಂಚಿನ ಮನೆ ಇದ್ದರೆ ಕೆಳಗಿಳಿಸಿದ ಒಂದು ಹೆಂಚು ಕೇಳಿ ತಿರುವಿ ನೋಡಿ. ಮಂಗಳೂರು ಹೆಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರು, ಕೆಲವಕ್ಕೆ ಇಸವಿಯೂ ಒತ್ತಿರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚು ಸುಡಲು ಶುರುಮಾಡಿದ್ದು 1865ರಲ್ಲಿ, ಹಾಗಾಗಿ ಈ ಹೆಂಚಿನ ಮಾಡು ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಆದರೆ ಹೆಂಚಿನ ಇಸವಿಯನ್ನೇ ಮನೆಯ ಇಸವಿ ಅಂತ ಬರೆಯಬೇಡಿ. ಮಲೆನಾಡಿನಲ್ಲಿ ಯಾರೂ ಹೆಂಚು ಎಸೆಯುವುದಿಲ್ಲ. ಮನೆ ಬಿಚ್ಚಿದರೆ ಹೆಂಚು ಕೊಟ್ಟಿಗೆಗೆ ಹೋಗುತ್ತದೆ, ಕೊಟ್ಟಿಗೆ ಬಿದ್ದರೆ ಇನ್ಯಾರದೋ ಬಚ್ಚಲುಮನೆಗೆ. ಮರದ ಕಂಬ, ಬಾಗಿಲುವಾಡಗಳ ಕಥೆಯೂ ಇದೇ.

## ಹಂತ 4: ಕಲ್ಲುಗಳನ್ನು ನೋಡಿ, ಮುಟ್ಟುವ ಮೊದಲು ಯೋಚಿಸಿ

ಬೀದಿಯ ಅರಳಿಕಟ್ಟೆ, ಚೌಡಿ ಬನ, ಮಾರಿಗುಡಿಯ ಹಿಂಭಾಗ, ಬಾವಿಯ ಕಟ್ಟೆ, ಹಳೇ ಕಾಂಪೌಂಡಿನ ಬುಡ. ಕಲ್ಲು ಸಿಗುವುದು ಇಲ್ಲೇ.

ಮೂರು ಅಂತಸ್ತಿನಲ್ಲಿ ಕೆತ್ತಿದ್ದರೆ ಸಾಮಾನ್ಯವಾಗಿ ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಕೆಳಗಿನ ಅಂತಸ್ತಿನಲ್ಲಿ ದನಗಳಿದ್ದರೆ ತುರು ಕಾಯುವ ಜಗಳ. ಮೊಣಕೈ ಮಡಿಸಿ ಎತ್ತಿದ ಬಳೆ ತೊಟ್ಟ ಕೈ ಇದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನದು. ಬರೀ ಲಿಂಗ, ಅಥವಾ ಕೊಡೆ ಹಿಡಿದ ವಾಮನನ ಚಿತ್ರ ಇದ್ದರೆ ದಾನ ಕೊಟ್ಟ ಭೂಮಿಯ ಎಲ್ಲೆಕಲ್ಲು. ಈ ಕೊನೆಯದು ನಿಮಗೆ ಬಹಳ ಮುಖ್ಯ, ಯಾಕೆಂದರೆ ಅದು ನೆಟ್ಟಲ್ಲೇ ಇದ್ದರೆ ಹಳೇ ಕಾಲದ ಒಂದು ಗಡಿ ಕೈಗೆ ಸಿಕ್ಕಂತೆ.

'ನೆಟ್ಟಲ್ಲೇ ಇದ್ದರೆ' ಅನ್ನುವುದನ್ನು ಗಮನಿಸಿ. ಬುಡಕ್ಕೆ ಸಿಮೆಂಟ್ ಹಾಕಿದ್ದರೆ, ನಾಲ್ಕೈದು ಕಲ್ಲು ಸಾಲಾಗಿ ನಿಲ್ಲಿಸಿದ್ದರೆ, ಅವು ರಸ್ತೆ ಅಗಲ ಮಾಡುವಾಗ ಎಲ್ಲಿಂದಲೋ ಬಂದಿವೆ. "ಈ ಕಲ್ಲು ಮೊದಲು ಎಲ್ಲಿತ್ತು?" ಅಂತ ಮೂವರನ್ನಾದರೂ ಕೇಳದೆ ನಕ್ಷೆಯಲ್ಲಿ ಹಾಕಬೇಡಿ.

ಅಕ್ಷರ ಸವೆದಿದ್ದರೆ ಓರೆ ಬೆಳಕು ಬೇಕು. ಬೆಳಿಗ್ಗೆ ಬಿಸಿಲು ಏರುವ ಮೊದಲು, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಬಿಟ್ಟು ಫೋಟೋ ತೆಗೆಯಿರಿ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಮೂರು ಫೋಟೋ. ಎದುರಿನಿಂದ ಫ್ಲಾಶ್ ಹಾಕಿದರೆ ಇದ್ದ ಅಕ್ಷರವೂ ಮಾಯ. ಪಾಚಿ ಇದ್ದರೆ ನೀರು ಚಿಮುಕಿಸಿ ಮೆತ್ತನೆ ಬ್ರಷ್ ಆಡಿಸಿ. ಸೀಮೆಸುಣ್ಣ ತುಂಬುವುದು, ತಂತಿ ಬ್ರಷ್, ಆಸಿಡ್, ಎಣ್ಣೆ ಯಾವುದೂ ಬೇಡ. ಸೀಮೆಸುಣ್ಣದಲ್ಲಿ ನೀವು ತಿದ್ದಿದ್ದು ನಿಮ್ಮ ಊಹೆ. ಮುಂದೆ ಬರುವವರು ಅದನ್ನೇ ಅಕ್ಷರ ಅಂದುಕೊಳ್ಳುತ್ತಾರೆ. ಪೂಜೆಗೊಳ್ಳುವ ಕಲ್ಲಾದರೆ ಅರ್ಚಕರನ್ನೋ ಮನೆಯವರನ್ನೋ ಕೇಳದೆ ಕುಂಕುಮ ಒರೆಸಲೇಬೇಡಿ.

ಇದನ್ನು ಮೊದಲೇ ಯಾರಾದರೂ ಓದಿದ್ದಾರಾ ನೋಡಿ. ಬಿ.ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದ್ದಾರೆ. ಶಿವಮೊಗ್ಗ, ಶಿಕಾರಿಪುರ ತಾಲ್ಲೂಕುಗಳು 7ರಲ್ಲಿವೆ. ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ 8ರಲ್ಲಿವೆ. ಪ್ರತಿ ತಾಲ್ಲೂಕಿಗೂ ಬೇರೆ ಸಂಖ್ಯೆ ಇರುತ್ತದೆ. ಶಿಕಾರಿಪುರ 176 ಅಂದರೆ ತಾಳಗುಂದದ ಕದಂಬರ ಸ್ತಂಭ ಶಾಸನ, ಹೀಗೆ. ಇಲ್ಲೂ ಬಡಾವಣೆ ಹೆಸರು ಹಾಕಿದರೆ ಏನೂ ಸಿಗದು. ಎರಡನೇ ಹಂತದಲ್ಲಿ ಸಿಕ್ಕ ಗ್ರಾಮದ ಹೆಸರು ಹಾಕಿ ನೋಡಿ.

ಕಾಲದ ಲೆಕ್ಕದಲ್ಲೂ ಬಹಳ ಜನ ಎಡವುತ್ತಾರೆ. ಶಕ ವರ್ಷಕ್ಕೆ 78 ಸೇರಿಸಿ. ಶಕ 1580 ಅಂದರೆ 1658, ಶಿವಪ್ಪನಾಯಕನ ಆಳ್ವಿಕೆಯ ಕೊನೆಯ ವರ್ಷಗಳು. ಈಗ ಸಂವತ್ಸರ ತಾಳೆ ನೋಡಿ. 2018ರ ಯುಗಾದಿಗೆ ಬಂದದ್ದು ವಿಳಂಬಿ. ಅರವತ್ತು ಅರವತ್ತು ಕಳೆಯುತ್ತಾ ಹೋದರೆ 1658ಕ್ಕೂ ವಿಳಂಬಿ ಬರುತ್ತದೆ. ಕಲ್ಲಿನಲ್ಲೂ ಅದೇ ಇದ್ದರೆ ಅಂಕಿ ಸರಿ ಓದಿದ್ದೀರಿ. ಒಂದು ವರ್ಷ ಹಿಂದೆಮುಂದೆ ಆದರೆ ಗಾಬರಿ ಬೇಡ, ಎಣಿಸುವ ರೀತಿಯಲ್ಲಿ ಅಷ್ಟು ವ್ಯತ್ಯಾಸ ಬರುತ್ತದೆ. ಹತ್ತಿಪ್ಪತ್ತು ವರ್ಷ ಹೋದರೆ ೩, ೬, ೯ ಇವುಗಳಲ್ಲಿ ಯಾವುದನ್ನೋ ತಪ್ಪು ಓದಿದ್ದೀರಿ. ಬರೀ ಸಂವತ್ಸರ ಇದ್ದು ಶಕ ಇಲ್ಲದಿದ್ದರೆ ಇಸವಿ ಬರೆಯಲೇಬೇಡಿ, 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ.

## ಹಂತ 5: ಮನೆಯ ಪೆಟ್ಟಿಗೆಯಲ್ಲಿರುವ ಕಾಗದ

ಕಚೇರಿಗೆ ಓಡುವ ಮೊದಲು ಬೀದಿಯ ಮನೆಗಳಲ್ಲಿ ಹಳೇ ಕ್ರಯಪತ್ರ ಕೇಳಿ. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇಷ್ಟು ಫಲ ಕೊಡುವ ಹಂತ ಇನ್ನೊಂದಿಲ್ಲ, ಮತ್ತು ಜನ ಬಿಟ್ಟುಬಿಡುವುದೂ ಇದನ್ನೇ.

ನಿಮಗೆ ಬೇಕಾದದ್ದು ಪತ್ರದ ಕೊನೆಯಲ್ಲಿ ಬರುವ ಚಕ್ಕುಬಂದಿ. ಯಾರಿಗೆ ಎಷ್ಟಕ್ಕೆ ಮಾರಿದರು ಅನ್ನುವುದು ಬೇಡ, ಅದನ್ನು ನೋಡುವುದೂ ಮರ್ಯಾದೆಯಲ್ಲ. ಮೊದಲೇ "ದುಡ್ಡಿನ ಪುಟ ತೋರಿಸಬೇಡಿ, ನಾಲ್ಕು ದಿಕ್ಕಿನ ಸಾಲು ಮಾತ್ರ ಓದಿ ಹೇಳಿ" ಅನ್ನಿ. ಬಾಗಿಲು ತೆರೆಯುತ್ತದೆ.

ಒಂದು ಮನೆಯಲ್ಲಿ ನನಗೆ ಸಿಕ್ಕಿದ್ದು ಹೀಗಿತ್ತು: ಪೂರ್ವಕ್ಕೆ ಗಾಡಿದಾರಿ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ಬಾಳೆತೋಟ, ದಕ್ಷಿಣಕ್ಕೆ ಸಾರ್ವಜನಿಕ ಬಾವಿ. ಇವತ್ತು ಅಲ್ಲಿ ಹಳ್ಳವೂ ಇಲ್ಲ, ಬಾವಿಯೂ ಇಲ್ಲ, ಒಂದು ಜಿಮ್ ಇದೆ. ಪಕ್ಕದ ಮನೆಯವರ ಪತ್ರದಲ್ಲಿ ಅದೇ ಬಾವಿ ಉತ್ತರಕ್ಕೆ ಬಂತು. ಎರಡೂ ಸೇರಿಸಿದರೆ ಬಾವಿ ಎಲ್ಲಿತ್ತು ಅಂತ ಹತ್ತಡಿಯೊಳಗೆ ಹೇಳಬಹುದು. ಹೀಗೆ ಒಂದಕ್ಕೊಂದು ಪೋಣಿಸುತ್ತಾ ಹೋದರೆ ಆರೇಳು ಪತ್ರಗಳಲ್ಲಿ ಹಳೇ ಬೀದಿಯ ನಕ್ಷೆ ಎದ್ದುಬರುತ್ತದೆ.

ಎಚ್ಚರ ಒಂದಿದೆ. ಪತ್ರ ಬರಹಗಾರರು ಜಾಗ ನೋಡಿ ಚಕ್ಕುಬಂದಿ ಬರೆಯುವುದು ಕಡಿಮೆ. ಹಿಂದಿನ ಪತ್ರದಲ್ಲಿ ಇದ್ದದ್ದನ್ನು ಹಾಗೇ ಇಳಿಸುತ್ತಾರೆ. 1990ರ ಪತ್ರದಲ್ಲಿ 'ಗಾಡಿದಾರಿ' ಅಂತಿದ್ದರೆ 1990ರಲ್ಲಿ ಗಾಡಿದಾರಿ ಇತ್ತು ಅಂತ ಅರ್ಥವಲ್ಲ. ಒಳಗೆ 'ಮೂಲಪತ್ರ' ಅಂತ ಯಾವ ಇಸವಿಯ ಪತ್ರದ ಉಲ್ಲೇಖ ಇದೆಯೋ ಆ ಕಾಲದ ಮಾತು ಅದು. ಯಾವಾಗಲೂ ಸಿಕ್ಕವುಗಳಲ್ಲಿ ಅತಿ ಹಳೆಯದನ್ನೇ ಹಿಡಿಯಿರಿ.

ಅಳತೆ ನೋಡುವಾಗ ಗಜ, ಅಡಿ, ಗುಂಟೆ ಬೆರೆಸಿಕೊಳ್ಳಬೇಡಿ. ಒಂದು ಗುಂಟೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ, 40 ಗುಂಟೆಗೆ ಒಂದು ಎಕರೆ. ಇನ್ನೂ ಹಳೇ ಕಾಗದದಲ್ಲಿ ಖಂಡುಗ, ಕೊಳಗ ಅಂತ ಬಂದರೆ ಅದು ಬಿತ್ತುವ ಬೀಜದ ಲೆಕ್ಕ. 20 ಕೊಳಗಕ್ಕೆ ಒಂದು ಖಂಡುಗ. ಅದನ್ನು ಎಕರೆಗೆ ತಿರುಗಿಸಲು ಹೋಗದೆ ಇದ್ದ ಹಾಗೇ ಬರೆಯಿರಿ.

ಎಲ್ಲಾದರೂ ಅಟ್ಟದ ಮೇಲೆ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕಿದರೆ ಅಲ್ಲೇ ನಿಲ್ಲಿ. ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಬಳಪದಲ್ಲಿ ಬರೆದದ್ದು. ಧೂಳು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ಲೇಟು ಒರೆಸಿದ ಹಾಗೆ ಅಕ್ಷರವೂ ಹೋಗುತ್ತದೆ. ಹೀಗೇ ಒರೆಸಿ ಕಳೆದುಕೊಂಡ ಮನೆಯೊಂದನ್ನು ನಾನು ಬಲ್ಲೆ. ಅಂಟಿಕೊಂಡ ಮಡಿಕೆ ಎಳೆದು ಬಿಡಿಸಬೇಡಿ. ತೆರೆದಷ್ಟರ ಫೋಟೋ ತೆಗೆದು, ಕೆಳದಿಯ ವಸ್ತುಸಂಗ್ರಹಾಲಯದಂಥ ಕಡೆ ತಿಳಿದವರಿಗೆ ತೋರಿಸಿ. ಮಲೆನಾಡಿನ ತಾಳೆಗರಿಗಳಲ್ಲಿ ತಿಗಳಾರಿ ಲಿಪಿ, ಹಳೇ ಲೆಕ್ಕದ ಕಾಗದಗಳಲ್ಲಿ ಮೋಡಿ ಲಿಪಿ ಬರುತ್ತವೆ. ಓದಲು ಬಾರದಿದ್ದರೆ "ಏನೋ ಮಂತ್ರ ಇರಬೇಕು" ಅಂತ ಕಟ್ಟಿಡಬೇಡಿ.

## ಹಂತ 6: ಈಗ ಕಚೇರಿಗೆ ಹೋಗಿ

ಗ್ರಾಮ, ಹೋಬಳಿ, ಸರ್ವೆ ನಂಬರ್, ಬೇಕಾದ ಇಸವಿ. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಥೆ ಹೇಳಬೇಡಿ. "ನಮ್ಮ ಏರಿಯಾ ಇತಿಹಾಸ ಬರೀತಿದ್ದೇನೆ" ಅಂದ ಕೂಡಲೇ ನಾನು ಒಂದು ಕಚೇರಿಯಲ್ಲಿ ಮೂರು ಟೇಬಲ್ ಸುತ್ತಿ ಹೊರಗೆ ಬಂದಿದ್ದೆ. ಮಾರನೇ ವಾರ ಬರೀ ಚೀಟಿ ಕೊಟ್ಟೆ, ಅರ್ಧ ದಿನದಲ್ಲಿ ಕೆಲಸ ಆಯಿತು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೇ ಪಹಣಿ ಮತ್ತು ಮ್ಯುಟೇಷನ್ (ಹಕ್ಕು ಬದಲಾವಣೆ) ನಕಲು ಕೇಳಿ. ಎಲ್ಲರೂ ಪಹಣಿಯ ಕಾಲಂ 9 ನೋಡಿ ಮಾಲೀಕರ ಹೆಸರು ಬರೆದುಕೊಂಡು ಬಂದುಬಿಡುತ್ತಾರೆ. ಕಾಲಂ 12 ನೋಡಿ. ಯಾರು ಉಳುತ್ತಿದ್ದರು, ಏನು ಬೆಳೆಯುತ್ತಿದ್ದರು ಅನ್ನುವುದು ಅಲ್ಲಿರುತ್ತದೆ. ಕೇರಿಯ ಅಡಗಿದ ಕಥೆ ಬಹುಪಾಲು ಆ ಕಾಲಮ್ಮಿನಲ್ಲೇ ಇದೆ. ತರಿ (ಗದ್ದೆ), ಖುಷ್ಕಿ (ಮಳೆ ನಂಬಿದ ಹೊಲ), ಬಾಗಾಯ್ತು (ತೋಟ) ಅಂತ ಜಮೀನಿನ ಬಗೆಯೂ ಪಹಣಿಯಲ್ಲಿ ಸಿಗುತ್ತದೆ. 'ತರಿ' ಅಂತ ಇದ್ದು, ಇವತ್ತೂ ಅಲ್ಲಿ ಮಳೆಗಾಲದಲ್ಲಿ ಮನೆಯೊಳಗೆ ತೇವ ಏರುತ್ತಿದ್ದರೆ ಕಾರಣ ಬೇರೆ ಹುಡುಕಬೇಕಿಲ್ಲ, ಅಲ್ವಾ.

1974ರ ಆಚೀಚೆಯ ಹತ್ತು ವರ್ಷ ಕಡ್ಡಾಯವಾಗಿ ತೆಗೆಸಿ. ಭೂಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ಕ್ಕೆ ಜಾರಿಗೆ ಬಂತು. ಉಳುವ ಜಮೀನು ತಮಗೆ ಬೇಕು ಅಂತ ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರ ಹೆಸರು ಮಾಲೀಕರ ಕಾಲಮ್ಮಿಗೆ ಏರಿದ್ದು ಆಮೇಲೆ. ಒಂದೇ ಹೆಸರಿನಲ್ಲಿದ್ದ ಜಮೀನು ಹತ್ತಾರು ಹೆಸರಾಗಿ ಒಡೆದು, ಮುಂದೆ ಅದೇ ತುಂಡುಗಳು ಸೈಟುಗಳಾಗಿರುತ್ತವೆ. ನಿಮ್ಮ ಬೀದಿಯ ಕ್ರಾಸುಗಳು ಒಂದಕ್ಕೊಂದು ಕೂಡದೆ ಅಡ್ಡಾದಿಡ್ಡಿ ಇದ್ದರೆ ಒಮ್ಮೊಮ್ಮೆ ಕಾರಣ ಇದೇ.

ಭೂ ಪರಿವರ್ತನೆ ಆದೇಶ ಸಿಕ್ಕರೆ ಬಡಾವಣೆಯ ಜಾತಕ ಸಿಕ್ಕಂತೆ. ಕೃಷಿ ಜಮೀನು ಯಾವ ದಿನ ವಾಸದ ಜಾಗವಾಯಿತು ಅನ್ನುವುದು ಅದರಲ್ಲಿರುತ್ತದೆ. ಬಡಾವಣೆ ನಕ್ಷೆಗೆ ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ), ಟಿಪ್ಪಣಿ (ಸರ್ವೆ ಅಳತೆಯ ಮೂಲ ನಕ್ಷೆ) ಮತ್ತು ಆಕಾರ್‌ಬಂದ್‌ಗೆ ಭೂಮಾಪನ ಇಲಾಖೆ. ಋಣಭಾರ ಪತ್ರ (ಇ.ಸಿ., ಜಾಗದ ಮಾರಾಟ, ಸಾಲಗಳ ನೋಂದಣಿ ಪಟ್ಟಿ) ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು.

ಕೇಳಿದ್ದು ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಎರಡು ಪುಟ ಪೀಠಿಕೆ ಬರೆದವರ ಅರ್ಜಿ ವಾಪಸ್ ಬರುವುದು ಇದಕ್ಕೇ. "ಇಂಥ ಗ್ರಾಮದ ಸರ್ವೆ ನಂ. ಇಷ್ಟರ 1965ರಿಂದ 1975ರವರೆಗಿನ ಕೈಬರಹದ ಪಹಣಿಯ ದೃಢೀಕೃತ ನಕಲು ಕೊಡಿ" ಅಂತ ಬರೆದರೆ ಸಾಕು. 'ಯಾಕೆ', 'ಹೇಗೆ' ಅಂತ ಪ್ರಶ್ನೆ ಕೇಳಬೇಡಿ, ದಾಖಲೆ ಕೇಳಿ.

## ಹಂತ 7: ಹಿರಿಯರ ಹತ್ತಿರ ಕೂರುವುದು

ಇಷ್ಟೆಲ್ಲ ಆದ ಮೇಲೆ ಅಜ್ಜ ಅಜ್ಜಿಯರ ಹತ್ತಿರ ಹೋಗಿ. ಈಗ ನಿಮ್ಮ ಕೈಯಲ್ಲಿ ನಕ್ಷೆ ಇದೆ, ಬಾವಿಯ ಜಾಗ ಗೊತ್ತಿದೆ. ಹುಲಿಯ ಕಥೆಗೆ ಸಿಕ್ಕಿಬೀಳುವುದಿಲ್ಲ.

"ಈ ಏರಿಯಾ ಇತಿಹಾಸ ಹೇಳಿ ಅಜ್ಜಿ" ಅಂದರೆ "ನಂಗೇನ್ ಗೊತ್ತು ಮಗ" ಅನ್ನುತ್ತಾರೆ. "ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರ್ತಿದ್ರಿ ಅಜ್ಜಿ?" ಅಂದು ನೋಡಿ. ಎಷ್ಟು ಕೊಡ, ಯಾವ ದಾರಿ, ಯಾರ ಹಿತ್ತಿಲು ದಾಟಿ, ಯಾವ ಬಾವಿಗೆ ಯಾರನ್ನು ಬಿಡುತ್ತಿರಲಿಲ್ಲ, ಎಲ್ಲ ಬರುತ್ತದೆ. ಹುಟ್ಟಿ ಬೆಳೆದ ಗಂಡಸರಿಗಿಂತ ಸೊಸೆಯಾಗಿ ಬಂದ ಹೆಂಗಸರಿಗೆ ಬೀದಿ ಚೆನ್ನಾಗಿ ನೆನಪಿರುತ್ತದೆ ಅನ್ನುವುದು ನನ್ನ ಅನುಭವ. ಹೊಸ ಜಾಗವನ್ನು ಒಂದೊಂದಾಗಿ ಕಲಿತವರು ಅವರು.

ಇಸವಿ ಕೇಳಬೇಡಿ. ಗೂಟ ಕೊಡಿ. ಲಿಂಗನಮಕ್ಕಿ ಅಣೆಕಟ್ಟು ಆದಾಗ (1964), ಎಮರ್ಜೆನ್ಸಿಯಲ್ಲಿ (1975–77), ಇಂದಿರಾ ಗಾಂಧಿ ಸತ್ತಾಗ (1984), ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ (1990–92), ಅದಕ್ಕೂ ಮೊದಲಾ ಆಮೇಲಾ? ಕೋಟೆ ಮಾರಿ ಜಾತ್ರೆಯನ್ನು ಮಾತ್ರ ಗೂಟ ಮಾಡಿಕೊಳ್ಳಬೇಡಿ. ಎರಡು ವರ್ಷಕ್ಕೊಮ್ಮೆ ಬರುವುದರಿಂದ 'ಆ ಜಾತ್ರೆ ವರ್ಷ' ಯಾವುದು ಬೇಕಾದರೂ ಆಗಬಹುದು.

ನಿಮ್ಮ ನಕ್ಷೆಯನ್ನು ಮೊದಲೇ ಬಿಚ್ಚಬೇಡಿ. "ಇಲ್ಲಿ ಹಳ್ಳ ಇತ್ತಲ್ವಾ?" ಅಂದರೆ "ಹೌದು ಹೌದು" ಅಂದೇ ಅನ್ನುತ್ತಾರೆ, ಮಲೆನಾಡಿನವರಿಗೆ ಮನೆಗೆ ಬಂದವರ ಮಾತು ಮುರಿಯುವುದು ಕಷ್ಟ. ಅವರು ಹೇಳಿ ಮುಗಿಸಿದ ಮೇಲೆ ನಕ್ಷೆ ತೋರಿಸಿ. ಇಬ್ಬರು ಒಂದೇ ಮಾತನ್ನು ಒಂದೇ ಪದಗಳಲ್ಲಿ ಹೇಳಿದರೆ ಅನುಮಾನಪಡಿ. ಯಾವುದೋ ಪತ್ರಿಕೆ ಲೇಖನವೋ ವಾಟ್ಸಾಪ್ ಸಂದೇಶವೋ ಇಬ್ಬರಿಗೂ ಬಂದಿರುತ್ತದೆ.

ಕೆಲವು ಕೇರಿಗಳಿಗೆ ಹಿಂದೆ ಜಾತಿಯ ಹೆಸರಿತ್ತು, ಅಲ್ಲಿಯವರೇ ಅದನ್ನು ಬೇಡವೆಂದು ಬಿಟ್ಟಿರುತ್ತಾರೆ. ಅಂಥದ್ದನ್ನು ನೀವು ಹೊಸದಾಗಿ ಎತ್ತಿ ಬೋರ್ಡಿಗೆ ಹಾಕುವ ಅಗತ್ಯ ಇಲ್ಲ. ನೋಟ್‌ಬುಕ್ಕಿನಲ್ಲಿ ಇರಲಿ. ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ.

ತಕ್ಷಣ ಜಾಗ ಖಾಲಿ ಮಾಡಬೇಕಾದ ಸಂದರ್ಭವೂ ಇದೆ. ಯಾರಾದರೂ ನಿಮ್ಮ ನಕ್ಷೆಯ ಮೇಲೆ ಇದ್ದಕ್ಕಿದ್ದಂತೆ ವಿಪರೀತ ಆಸಕ್ತಿ ತೋರಿಸಿ "ಈ ಜಾಗ ಮೊದಲು ನಮ್ಮದೇ ಇತ್ತು ಅಂತ ಬರೆದುಕೊಡಿ" ಅಂದರೆ ಅದು ಕೋರ್ಟಿನ ವಿಷಯ. ಗುಡಿ, ದರ್ಗಾ, ಸ್ಮಶಾನದ ಜಾಗದ ತಕರಾರಿದ್ದರೂ ಅಷ್ಟೇ. ನೋಟ್‌ಬುಕ್ ಮುಚ್ಚಿ, ಟೀ ಕುಡಿದು, ಎದ್ದು ಬನ್ನಿ.

## ಹಂತ 8: ಹೆಸರಿಗೆ ಈಗ ಕೈ ಹಾಕಿ

ಶಿವಮೊಗ್ಗ ಅನ್ನುವ ಹೆಸರಿಗೇ 'ಶಿವಮುಖ' ಅಂತ ಒಂದು ಕಥೆ, 'ಸಿಹಿಮೊಗೆ' ಅಂತ ಇನ್ನೊಂದು. ಇಡೀ ಊರಿನ ಗತಿ ಹೀಗಿರುವಾಗ ಒಂದು ಕ್ರಾಸಿನ ಹೆಸರನ್ನು ಸುಮ್ನೆ ಬಿಡಿಸಲು ಹೋಗುವುದು ಅಪಾಯ.

ಮೊದಲು ಹೆಸರಿನ ವಯಸ್ಸು ನೋಡಿ. ವಿನೋಬನಗರ, ಗಾಂಧಿನಗರ, ರಾಜೇಂದ್ರನಗರ ಇಂಥವು ಆ ನಾಯಕರು ಹೆಸರಾದ ಮೇಲೆ ಬಂದವು. ಅದರ ಕೆಳಗೆ ಹಳೇ ಹೆಸರೊಂದು ಇರಲೇಬೇಕು, ಅದು ಎರಡನೇ ಹಂತದಲ್ಲೇ ನಿಮಗೆ ಸಿಕ್ಕಿದೆ. ಸೀಗೆಹಟ್ಟಿ, ಗಾಡಿಕೊಪ್ಪ, ಕುಂಬಾರಗುಂಡಿ, ಬೊಮ್ಮನಕಟ್ಟೆ ಇಂಥ ಹೆಸರುಗಳಲ್ಲಿ ಕೊನೆಯ ತುಂಡನ್ನು ಮಾತ್ರ ನಂಬಿ: ಹಟ್ಟಿ, ಕೊಪ್ಪ, ಗುಂಡಿ, ಕಟ್ಟೆ. ಅದು ನೆಲದ ಬಗ್ಗೆ ಹೇಳುತ್ತದೆ, ನಕ್ಷೆಯಲ್ಲಿ ತಾಳೆ ನೋಡಬಹುದು. ಕಟ್ಟೆ ಅಂತಿದ್ದರೆ ಗ್ರಾಮ ನಕ್ಷೆಯಲ್ಲಿ ನೀರಿನ ಗುರುತು ಇರಬೇಕು. ಕುಂಬಾರಗುಂಡಿ ತಗ್ಗಿನ ಜಾಗ ಅಂತ 2019ರ ನೆರೆಯೇ ತೋರಿಸಿತು. ಮುಂದಿನ ತುಂಡಿಗೆ ಒಬ್ಬ ರಾಜ, ಒಬ್ಬ ಋಷಿ ಅಥವಾ ಒಂದು ಶಾಪ ಬಂದು ಸೇರಿಕೊಂಡಿದ್ದರೆ 'ಕೇಳಿದ್ದು' ಅಂತ ಗುರುತು ಹಾಕಿ ಮುಂದೆ ಹೋಗಿ.

## ಹಂತ 9: ಬರೆದಿಡುವುದು

ಇವತ್ತಿನಿಂದ ಹಿಂದಕ್ಕೆ ಬರೆಯಿರಿ. ಈಗಿನ ಬೀದಿ, ಸೈಟಾದ ವರ್ಷ, ಗದ್ದೆಯಾಗಿದ್ದಾಗ, ಕೊನೆಗೆ ಕಲ್ಲು. ನಡುವೆ ಐವತ್ತು ವರ್ಷ ಏನೂ ಸಿಗದಿದ್ದರೆ ಆ ಜಾಗ ಖಾಲಿ ಬಿಡಿ. 'ಬಹುಶಃ' ಅಂತ ಸೇರಿಸಿ ತುಂಬಬೇಡಿ, ಎರಡನೇ ಸಲ ಹಂಚುವಾಗ ಆ 'ಬಹುಶಃ' ಉದುರಿಹೋಗುತ್ತದೆ. ಎರಡು ಪತ್ರ ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ.

ಫೋಟೋಗಳಿಗೆ ಅಲ್ಲೇ ಹೆಸರು ಕೊಡಿ: ದಿನಾಂಕ, ಸರ್ವೆ ನಂಬರ್, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು. ಮನೆಯವರ ಹೆಸರು, ಪತ್ರದ ಮೊತ್ತ, ಫೋನ್ ನಂಬರ್ ಇರುವ ಪುಟಗಳನ್ನು ಬೇರೆ ತೆಗೆದಿಟ್ಟು, ಉಳಿದದ್ದರ ಎರಡು ಪ್ರಿಂಟ್ ತೆಗೆಸಿ. ಒಂದನ್ನು ಕರ್ನಾಟಕ ಸಂಘ, ಜಿಲ್ಲಾ ಗ್ರಂಥಾಲಯದಂಥ ಕಡೆ ಕೇಳಿ ಕೊಡಿ. ಇನ್ನೊಂದನ್ನು ನೀರಿನ ಕಥೆ ಹೇಳಿದ ಅಜ್ಜಿಯ ಮನೆಗೆ ಕೊಡಿ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಓದಿ ಹೇಳಿ, ಪೆನ್ಸಿಲ್ ಕೈಯಲ್ಲಿಟ್ಟುಕೊಂಡೇ ಕೂರಿ. ಬಾವಿಯನ್ನು ನೀವು ಎರಡು ಮನೆ ಆಚೆ ಹಾಕಿದ್ದೀರಿ ಅಂತ ಅವರು ಹೇಳುವುದು ಆಗಲೇ.